ಏಳನೇ ಮಣಿಯಲ್ಲಿ ನಿಂತ ಬೆರಳು

ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಜಪಸರ ಹಿಡಿದು ಕೂರುತ್ತೇನೆ. ಐದು ಸುತ್ತು, ಸುತ್ತಿಗೆ ಹತ್ತು ‘ನಮೋ ಮರಿಯಾ’. ಎರಡನೇ ಸುತ್ತಿನಲ್ಲೇ ಮನಸ್ಸು ಗಣಿತದ ಬ್ಯಾಕ್‌ಲಾಗ್‌ಗೆ, ಅಲ್ಲಿಂದ ಪ್ಲೇಸ್‌ಮೆಂಟ್‌ಗೆ ಓಡಿರುತ್ತದೆ. ಬಾಯಿ ಮಾತ್ರ ಹೇಳುತ್ತಿರುತ್ತದೆ. ದೇವರ ಮುಂದೆ ಇದೆಂಥ ನಾಟಕ ಎನಿಸಿ ಕಳೆದ ಸೆಮಿಸ್ಟರ್‌ನಲ್ಲಿ ಬಿಟ್ಟೇಬಿಟ್ಟೆ. ಮನಸ್ಸೇನೂ ಹತೋಟಿಗೆ ಬರಲಿಲ್ಲ; ಆ ಇಪ್ಪತ್ತು ನಿಮಿಷ ಮೊಬೈಲ್ ಪಾಲಾಯಿತು, ಅಷ್ಟೆ.

16ನೇ ಶತಮಾನದ ಸ್ಪೇನಿನಲ್ಲಿದ್ದ ಆವಿಲಾದ ಸಂತ ತೆರೇಸಾ ಪ್ರಾರ್ಥನೆಯ ಬಗ್ಗೆ ಬರೆದವರಲ್ಲಿ ಬಹು ದೊಡ್ಡ ಹೆಸರು. ಕೆಲವು ವರ್ಷ ತಾವು ಪ್ರಾರ್ಥನೆಗೆ ಕೂತು, ಯಾವಾಗ ಮುಗಿದೀತೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಡುತ್ತಿದ್ದುದನ್ನು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ತಾನು ಯೋಗ್ಯಳಲ್ಲವೆಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರಾರ್ಥನೆ ಬಿಟ್ಟಿದ್ದೂ ಉಂಟು. ಆ ವಿನಯವೇ ಸುಳ್ಳು ಎಂದು ಆಮೇಲೆ ಅವರಿಗೆ ತಿಳಿಯಿತು. ನನ್ನದೂ ಅದೇ ಜಾತಿಯ ವಿನಯ!

ಗಮನ ತಾನಾಗಿ ಚದುರುವುದು ಕಪಟವಲ್ಲ. ಚದುರಿದ್ದು ಗೊತ್ತಾದಾಗ ಮರಳಿ ಬಂದರೆ ಅದೂ ಪ್ರಾರ್ಥನೆಯೇ ಎಂಬುದು ನನ್ನ ಈಗಿನ ನಂಬಿಕೆ. ಬ್ಯಾಕ್‌ಲಾಗ್ ನೆನಪಾದರೆ ಅದನ್ನೂ ದೇವರಿಗೆ ಹೇಳಿಬಿಡುತ್ತೇನೆ.

ನಿನ್ನೆ ಮೂರನೇ ಸುತ್ತಿನಲ್ಲಿ ಮತ್ತೆ ಎಲ್ಲೋ ಹೋಗಿದ್ದೆ. ಬೆರಳು ಏಳನೇ ಮಣಿಯ ಮೇಲಿತ್ತು. ಎಂಟರಿಂದ ಮುಂದುವರಿಸಿದೆ.