ಜುಗುಪ್ಸೆಯನ್ನು ಕಲಿಸದ ಪಾಠಶಾಲೆ

ಕುಟುಂಬವೆಂಬುದು ಪ್ರಾಥಮಿಕ ಶಾಲೆಯಲ್ಲಿ ಮಗು ಕಲಿಯುವ ಮೊದಲ ಪಾಠಗಳಲ್ಲಿ ಒಂದು. ತಂದೆ, ತಾಯಿ, ಅಣ್ಣ, ತಂಗಿ, ಅಜ್ಜ, ಅಜ್ಜಿಯರನ್ನು ಗುರುತಿಸುವಲ್ಲಿಗೆ ಆ ಪಾಠ ಮುಗಿಯುತ್ತಿತ್ತು. ಈಗ ಅದರ ಮುಂದೆ ಒಂದು ಪ್ರಶ್ನೆ ಬಂದು ನಿಂತಿದೆ. ಇಬ್ಬರು ಸ್ತ್ರೀಯರು ಅಥವಾ ಇಬ್ಬರು ಪುರುಷರು ಕೂಡಿ ನಡೆಸುವ ಸಂಸಾರವೂ ಲೋಕದಲ್ಲಿ ಉಂಟೆಂಬುದನ್ನು ಎಳೆಯ ಮಕ್ಕಳಿಗೆ ತಿಳಿಸಬೇಕೇ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶ್ರಾವಕ ಮನೆಗಳಿಗೆ ಇದು ಮಹಾನಗರಗಳ ಚರ್ಚೆಯೆಂದು ತೋರಬಹುದು. ಆದರೆ ಮಕ್ಕಳ ಕೈಗೆ ಮೊಬೈಲ್ ಬಂದ ಮೇಲೆ ದೂರದ ಊರೆಂಬುದು ಉಳಿದಿಲ್ಲ. ಶಾಲೆ ಹೇಳದಿದ್ದರೂ ಮಗು ಕೇಳಿಸಿಕೊಳ್ಳುತ್ತದೆ. ಹಾಗೆ ಕೇಳಿಸಿಕೊಂಡದ್ದು ಬಹುಮಟ್ಟಿಗೆ ಬೈಗುಳವಾಗಿಯೋ ಗೇಲಿಯಾಗಿಯೋ ಇರುತ್ತದೆ.

ನಾಡಿನ ಕಾನೂನು ಈ ವಿಷಯದಲ್ಲಿ ಸ್ವಲ್ಪ ದೂರ ನಡೆದು ನಿಂತಿದೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯವು ಅಂತಹ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಇಬ್ಬರೂ ಕೂಡಿ ದತ್ತು ಪಡೆಯುವ ಅವಕಾಶವೂ ದೊರೆಯಲಿಲ್ಲ. ಶಿಕ್ಷಣದ ಕ್ಷೇತ್ರದಲ್ಲಿ 2021 ಒಂದು ವಿಚಿತ್ರ ವರ್ಷ. ಆ ಜೂನ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಇಂತಹವರ ಬಗೆಗೆ ವಿದ್ಯಾರ್ಥಿಗಳಲ್ಲಿ ತಿಳಿವಳಿಕೆ ಮೂಡುವಂತೆ ಪಠ್ಯಕ್ರಮದಲ್ಲಿ ಬದಲಾವಣೆಯಾಗಬೇಕೆಂದು ಸೂಚಿಸಿತು. ಅದೇ ವರ್ಷ ಎನ್‌ಸಿಇಆರ್‌ಟಿ, ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಕುರಿತು ಒಂದು ಕೈಪಿಡಿಯನ್ನು ಪ್ರಕಟಿಸಿತು. ಅದು ಮಕ್ಕಳ ಪಠ್ಯವಾಗಿರದೆ ಶಿಕ್ಷಕರ ತರಬೇತಿಗಾಗಿ ಸಿದ್ಧವಾದ ಬರಹವಾಗಿತ್ತು. ಆದರೂ ಆಕ್ಷೇಪ ಎದ್ದು, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗಕ್ಕೆ ದೂರು ಹೋಗಿ, ಕೆಲವೇ ದಿನಗಳಲ್ಲಿ ಅದು ಜಾಲತಾಣದಿಂದ ಮರೆಯಾಯಿತು. ಶಿಕ್ಷಕನು ತಿಳಿಯುವುದೂ ಬೇಡವೆಂದಾದರೆ, ಮಗುವಿನ ಪ್ರಶ್ನೆಗೆ ಉತ್ತರ ಕೊಡುವವರು ಯಾರು?

ಜಿನಾಗಮವು ಈ ವಿಷಯದಲ್ಲಿ ಮೌನವಾಗಿಲ್ಲ. ಕರ್ಮಸಿದ್ಧಾಂತದಲ್ಲಿ ಚಾರಿತ್ರಮೋಹನೀಯದ ಭೇದಗಳನ್ನು ಹೇಳುವಾಗ ಹದಿನಾರು ಕಷಾಯಗಳ ಜತೆಗೆ ಒಂಬತ್ತು ನೋಕಷಾಯಗಳನ್ನು ಎಣಿಸಲಾಗಿದೆ: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಸ್ತ್ರೀವೇದ, ಪುರುಷವೇದ ಮತ್ತು ನಪುಂಸಕವೇದ. ವೇದವೆಂದರೆ ಇಲ್ಲಿ ಕಾಮಭಾವ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಶರೀರದ ರಚನೆ ದ್ರವ್ಯವೇದ, ಅಂತರಂಗದ ಅಭಿಲಾಷೆ ಭಾವವೇದ. ಇವೆರಡೂ ಪ್ರಾಯಶಃ ಸಮವಾಗಿರುತ್ತವೆ, ಕೆಲವೆಡೆ ವಿಷಮವಾಗಿಯೂ ಇರುತ್ತವೆ ಎಂಬುದು ಅವರ ನಿರೂಪಣೆಯ ಸಾರ. ಸಾವಿರ ವರ್ಷಗಳ ಹಿಂದೆ, ಇದೇ ಕನ್ನಡ ನಾಡಿನ ಪರಿಸರದಲ್ಲಿ, ಹೀಗೆ ಒಂದು ಸಂಗತಿಯನ್ನು ಇದ್ದಂತೆ ಹೇಳಲು ಆಚಾರ್ಯರು ಅಳುಕಲಿಲ್ಲ.

ಆ ಒಂಬತ್ತರ ಪಟ್ಟಿಯನ್ನು ಮತ್ತೊಮ್ಮೆ ಗಮನಿಸಬೇಕು. ಅನ್ಯರ ವೇದವನ್ನು ಕಂಡು ನಗುವವನ ಹಾಸ್ಯವೂ, ಹೇಸುವವನ ಜುಗುಪ್ಸೆಯೂ ಅದೇ ಪಟ್ಟಿಯಲ್ಲಿವೆ. ಗೃಹಸ್ಥನು ಸಹಜವೆಂದು ಭಾವಿಸುವ ಪುರುಷವೇದ, ಸ್ತ್ರೀವೇದಗಳೂ ಅಲ್ಲಿಯೇ ಇವೆ. ಮೂರು ವೇದಗಳೂ ಮೋಹನೀಯದ ಉದಯಗಳೇ. ಒಂಬತ್ತನೆಯ ಗುಣಸ್ಥಾನಕ್ಕೆ ಏರುವವರೆಗೂ ಅವು ಜೀವವನ್ನು ಬಿಡುವುದಿಲ್ಲ. ಶುದ್ಧಾತ್ಮನಿಗೋ ಯಾವ ಲಿಂಗವೂ ಇಲ್ಲ. ಹೀಗಿರುವಾಗ ಒಬ್ಬ ಸಂಸಾರಿಯು ಇನ್ನೊಬ್ಬ ಸಂಸಾರಿಯ ಬಂಧನವನ್ನು ಕಂಡು ಗಹಗಹಿಸುವುದು, ಒಂದೇ ಸೆರೆಮನೆಯಲ್ಲಿರುವವನು ಪಕ್ಕದ ಕೋಣೆಯವನ ಬೇಡಿಯನ್ನು ನೋಡಿ ನಕ್ಕಂತೆ.

ಇದಕ್ಕೆ ಎದುರಾಗಿ ಬರುವ ಮಾತುಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶ್ರಾವಕನ ಬ್ರಹ್ಮಚರ್ಯಾಣುವ್ರತವು ಸ್ವದಾರಸಂತೋಷವನ್ನು ಹೇಳುತ್ತದೆ. ಅಲ್ಲಿ ಇಂತಹ ಸಂಸಾರಕ್ಕೆ ಸ್ಥಾನವೆಲ್ಲಿ ಎಂದು ಹಿರಿಯರು ಕೇಳುತ್ತಾರೆ. ನಪುಂಸಕರಿಗೆ ಮುನಿದೀಕ್ಷೆ ಇಲ್ಲವೆಂಬ ಶಾಸ್ತ್ರವಿಧಿಯನ್ನೂ ಎತ್ತಿ ತೋರುತ್ತಾರೆ. ಎಳೆಯ ಮನಸ್ಸಿನಲ್ಲಿ ಕಾಲಕ್ಕೆ ಮುನ್ನವೇ ಕುತೂಹಲ ಕೆರಳೀತೆಂಬ ಭಯವೂ ತಾಯ್ತಂದೆಯರಲ್ಲಿದೆ. ಶಾಸ್ತ್ರವು ಸಲಿಂಗ ಕಾಮವನ್ನು ಶ್ಲಾಘಿಸುತ್ತದೆಯೆಂದು ಯಾರೂ ಹೇಳಲಾರರು. ಆದರೆ ದೀಕ್ಷೆಯ ಅರ್ಹತೆಯ ವಿಚಾರ ಬೇರೆ, ಶಾಲೆಯಲ್ಲಿ ಪಕ್ಕದಲ್ಲಿ ಕುಳಿತ ಮಗುವಿನೊಡನೆ ನಡೆದುಕೊಳ್ಳುವ ರೀತಿಯ ವಿಚಾರ ಬೇರೆ. ವ್ರತವನ್ನು ಸ್ವೀಕರಿಸುವುದು ತನ್ನನ್ನು ಕಟ್ಟಿಕೊಳ್ಳುವುದಕ್ಕೆ. ಅದನ್ನು ಅಳತೆಗೋಲಾಗಿ ಹಿಡಿದು ಅನ್ಯರ ಮನೆಯ ಮಗುವನ್ನು ಅಳೆಯುವುದಕ್ಕಲ್ಲ.

ತಾಯ್ತಂದೆಯರ ಭಯಕ್ಕೆ ಉತ್ತರವು ಪಾಠದ ಪ್ರಮಾಣದಲ್ಲಿದೆ. ಭಾಷಾಸಮಿತಿಯು ಹಿತವಾದುದನ್ನು, ಮಿತವಾಗಿ, ಪ್ರಿಯವಾಗಿ ನುಡಿಯಬೇಕೆನ್ನುತ್ತದೆ. ಎಳೆಯ ತರಗತಿಗಳಲ್ಲಿ ಕಾಮದ ಮಾತೇ ಬೇಕಿಲ್ಲ. ತಂದೆ ತಾಯಿಯರ ಬಗೆಗೆ ಪಾಠ ಹೇಳುವಾಗಲೂ ಅದನ್ನು ಯಾರೂ ಹೇಳುವುದಿಲ್ಲ. ದುಡಿಮೆಗಾಗಿ ಹೆತ್ತವರು ಬೆಂಗಳೂರು ಸೇರಿ, ಅಜ್ಜಿಯ ಮಡಿಲಲ್ಲಿ ಬೆಳೆಯುವ ಮಕ್ಕಳು ಹಳ್ಳಿಹಳ್ಳಿಯಲ್ಲಿದ್ದಾರೆ. ತಾಯಿಯೊಬ್ಬಳೇ ಸಾಕಿದ ಮಕ್ಕಳಿದ್ದಾರೆ, ದತ್ತು ಬಂದ ಮಕ್ಕಳಿದ್ದಾರೆ. ಇಬ್ಬರು ತಾಯಂದಿರ ಅಥವಾ ಇಬ್ಬರು ತಂದೆಯರ ಮನೆಯಲ್ಲಿ ಬೆಳೆಯುವ ಮಗುವೂ ಲೋಕದಲ್ಲಿದೆ. ಯಾರ ಮನೆಯನ್ನೂ ಹೀಗಳೆಯಬಾರದು, ಯಾವ ಮಗುವಿಗೂ ತನ್ನ ಮನೆಯಿಂದಾಗಿ ತಲೆತಗ್ಗಿಸುವಂತಾಗಬಾರದು ಎಂಬಷ್ಟು ಪಾಠ ಪ್ರಾಥಮಿಕ ಶಾಲೆಗೆ ಸಾಕು. ಅದಕ್ಕಿಂತ ಕಡಿಮೆಯಾದರೆ ಸಾಲದು. ಶರೀರ ಮತ್ತು ಅಭಿಲಾಷೆಗಳ ವಿಚಾರ ಹದಿಹರೆಯದ ತರಗತಿಗಳಿಗೆ ಉಳಿಯಲಿ. ಪಾಲಕರನ್ನು ಕರೆಸಿ, ಹೇಳುವುದೇನೆಂಬುದನ್ನು ಅವರಿಗೆ ಮೊದಲೇ ತಿಳಿಸಲಿ. ಮುಚ್ಚಿಟ್ಟು ಕಲಿಸುವ ಪಾಠದಿಂದ ಅನುಮಾನವಷ್ಟೇ ಬೆಳೆಯುತ್ತದೆ.

ಕಲಿಸದೆ ಬಿಟ್ಟರೆ ಆಗುವ ಹಾನಿಗೆ ನಿದರ್ಶನ ದೂರದಲ್ಲಿಲ್ಲ. ನೆರೆಯ ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಎಳವೆಯಲ್ಲಿ ತಿರಸ್ಕಾರವನ್ನು ತಾಳಲಾರದೆ ವಿಷ ಕುಡಿದು ಬದುಕುಳಿದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಲಿಂಗತ್ವ ಅಲ್ಪಸಂಖ್ಯಾತರ ಬದುಕೂ ಸಲಿಂಗ ಜೋಡಿಗಳ ಸಂಸಾರವೂ ಒಂದೇ ಅಲ್ಲ. ಆದರೆ ಶಾಲೆಯ ಅಂಗಳದಲ್ಲಿ ಎರಡಕ್ಕೂ ಸಿಗುವ ಕುಹಕ ಒಂದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಜನ್ನನ ಯಶೋಧರ ಚರಿತೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ಯಶೋಧರನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಗೇ ಅಷ್ಟು ಫಲವಾದರೆ, ಉಸಿರಾಡುವ ಮಗುವನ್ನು ಮಾತಿನಿಂದ ಇರಿದುದಕ್ಕೆ ಎಷ್ಟು?

ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಾಯ್ತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯದ ನುಡಿ, ಆಚಾರ್ಯನಲ್ಲಿ ಶಿಷ್ಯನ ಗೌರವ, ಬಂಧುಗಳಲ್ಲಿ ಯೋಗ್ಯ ನಡವಳಿಕೆ ಎಂಬ ಪಾಠವನ್ನು ಈ ನೆಲದ ಬಂಡೆ ಎರಡು ಸಾವಿರ ವರ್ಷಗಳಿಗೂ ಮಿಕ್ಕು ಹೇಳುತ್ತಿದೆ. ದಯೆ ಮತ್ತು ಸತ್ಯ ಅಲ್ಲಿ ಒಟ್ಟಿಗಿವೆ. ಲೋಕದಲ್ಲಿ ಇರುವುದನ್ನು ಇಲ್ಲವೆಂದು ಮಗುವಿಗೆ ಹೇಳಿದರೆ ಸತ್ಯಕ್ಕೆ ಊನ. ಇರುವುದನ್ನು ಹೇಸಿಗೆಯೆಂದು ಹೇಳಿದರೆ ದಯೆಗೆ ಊನ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಮೂರನೆಯದು. ರೋಗಗ್ರಸ್ತ ಮುನಿಯ ವಮನವನ್ನು ತನ್ನ ಕೈಯಾರೆ ತೊಳೆದ ಉದ್ದಾಯನ ಮಹಾರಾಜನ ಕಥೆಯನ್ನು ಈ ಅಂಗಕ್ಕೆ ನಿದರ್ಶನವಾಗಿ ಮಕ್ಕಳಿಗೆ ಹೇಳುವುದುಂಟು. ಆ ಕಥೆ ಮೂಲತಃ ವ್ರತಿಗಳ ಶರೀರವನ್ನು ಕುರಿತದ್ದು. ಆದರೂ ಹೇಸದಿರುವುದನ್ನು ಕಲಿತ ಮನಸ್ಸು ಅದನ್ನು ಒಂದೇ ಕಡೆ ಕಲಿಯಲಾರದು. ಶಾಲೆಯ ಪಠ್ಯ ಬದಲಾಗಲು ವರ್ಷಗಳು ಬೇಕಾಗಬಹುದು. ಮನೆಯ ಜಗಲಿಯಲ್ಲಿ, ಬಸದಿಯ ಅಂಗಳದಲ್ಲಿ ಹಿರಿಯರ ಬಾಯಿಂದ ಬರುವ ಒಂದು ಕುಹಕದ ಮಾತು ನಿಲ್ಲಲು ಯಾವ ಆದೇಶವೂ ಬೇಕಿಲ್ಲ. ಮಗು ಅಲ್ಲಿಯೂ ಕಲಿಯುತ್ತಿರುತ್ತದೆ.