ಬ್ಲೀಚಿಂಗ್ ಪೌಡರ್ ವಿಷವೋ, ಔಷಧವೋ? ಉತ್ತರ ಇರುವುದು ಅಳತೆಯಲ್ಲಿ

ಮಳೆಗಾಲ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, "ನಲ್ಲಿ ನೀರಿಗೆ ಬ್ಲೀಚಿಂಗ್ ವಾಸನೆ ಬಂದರೆ ಕುಡಿಯಬೇಡಿ, ಅದು ವಿಷ." ಇನ್ನೊಂದು, "ಟ್ಯಾಂಕಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿ, ಯಾವ ರೋಗವೂ ಬರಲ್ಲ." ಎರಡೂ ತಪ್ಪು. ಎರಡರಲ್ಲೂ ಇಲ್ಲದಿರುವುದು ಅಳತೆ.

ಕುಡಿಯುವ ನೀರಿಗೆ ಎಷ್ಟು?

ನಲ್ಲಿಗೆ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 10500. ವಿಶ್ವ ಆರೋಗ್ಯ ಸಂಸ್ಥೆಯ ಗರಿಷ್ಠ ಮಿತಿ 5 ಮಿಲಿಗ್ರಾಂ. ಕೆಲವರ ಮೂಗು, ನಾಲಿಗೆಗೆ 0.3 ಮಿಲಿಗ್ರಾಂ ಇದ್ದರೂ ಗೊತ್ತಾಗುತ್ತದೆ. ಹಾಗಾಗಿ ಸಣ್ಣ ವಾಸನೆ ಬಂದ ಮಾತ್ರಕ್ಕೆ ನೀರು ವಿಷವಲ್ಲ.

ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. ತಿಳಿಯಾದ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕು. ಹಾಕಿದ ಮೇಲೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಒಂದು ಹಿಡಿ ಎಂದರೆ 50 ಗ್ರಾಂ ಎಂದುಕೊಳ್ಳಿ. ಅಷ್ಟನ್ನು 1000 ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ಸುರಿದರೆ ಲೀಟರಿಗೆ 16 ಮಿಲಿಗ್ರಾಂ ಆಗುತ್ತದೆ, ಅಂದರೆ ಗರಿಷ್ಠ ಮಿತಿಯ ಮೂರು ಪಟ್ಟು!

ನೆಲ ಒರೆಸಲು?

ಇಲ್ಲಿ ಲೆಕ್ಕವೇ ಬೇರೆ. ಕೋವಿಡ್ ಸಮಯದಲ್ಲಿ ನೆಲ, ಮೇಜು ಒರೆಸಲು ಹೇಳಿದ್ದು ಶೇ. 0.1ರ ದ್ರಾವಣ. ಅದಕ್ಕೆ ಒಂದು ಲೀಟರಿಗೆ ಸುಮಾರು 3 ಗ್ರಾಂ ಪುಡಿ ಬೇಕು. ಗಮನಿಸಿ: ಹೆಚ್ಚುಕಡಿಮೆ ಅಷ್ಟೇ ಪುಡಿ ಕುಡಿಯುವ ನೀರಿನಲ್ಲಾದರೆ ಸಾವಿರ ಲೀಟರಿಗೆ ಸಾಕು. ನೆಲದ ದ್ರಾವಣ ಮನುಷ್ಯರ ಮೈಗಲ್ಲ. 2020ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ವಲಸೆ ಕಾರ್ಮಿಕರ ಮೇಲೆ ಇಂಥದ್ದನ್ನು ಸಿಂಪಡಿಸಲಾಗಿತ್ತು. ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಜನರ ಮೇಲೆ ಸಿಂಪಡಿಸಬಾರದು ಎಂದು ಸೂಚಿಸಿತು.

ಕಡಿಮೆಯಾದರೆ?

ಅದೂ ಅಪಾಯವೇ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿ-ಭೇದಿಯಿಂದ ಜನ ಸತ್ತರು. ಟ್ಯಾಂಕಿನಿಂದ ಹೊರಟ ನೀರು ಪೈಪಿನಲ್ಲಿ ಮತ್ತೆ ಕೆಡಬಹುದು. ಆಗ ಕಾಯುವುದು ನೀರಿನಲ್ಲಿ ಉಳಿದಿರುವ ಆ ಚೂರು ಕ್ಲೋರಿನ್.

ನಮ್ಮ ಯಶವಂತನಗರ, ಸಂಡೂರು ಕಡೆ ಮಳೆ ಬಂದರೆ ಹಳ್ಳದ ನೀರು ಕೆಂಪಗಾಗುತ್ತದೆ. ಮಣ್ಣು ಬೆರೆತ ನೀರು ಕ್ಲೋರಿನ್ನನ್ನು ತಿಂದುಹಾಕುತ್ತದೆ. ಹಾಗಾಗಿ ಮೊದಲು ನೀರನ್ನು ತಿಳಿಯಾಗಿಸಬೇಕು, ಆಮೇಲೆ ಪುಡಿ. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿಗೂ ಶಕ್ತಿ ಇಳಿದಿರುತ್ತದೆ.

ನೆನಪಿಡಿ

• ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.
• ಪುಡಿಯನ್ನು ಕೈಯಂದಾಜಿನಲ್ಲಿ ಹಾಕಬೇಡಿ, ತೂಕ ಮಾಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಿರಿ.
• ನಿಮ್ಮ ಬೀದಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡಲು ನೀರುಗಂಟಿಯನ್ನು, ಪಂಚಾಯಿತಿಯವರನ್ನು ಕೇಳಿ. ಕೆಲವೇ ನಿಮಿಷದ ಕೆಲಸ.

ಮುಂದಿನ ಸಲ ಇಂಥ ಸಂದೇಶ ಬಂದರೆ ಮೂರು ವಿಷಯ ಹುಡುಕಿ: ಎಷ್ಟು ಗ್ರಾಂ, ಎಷ್ಟು ಲೀಟರಿಗೆ, ಯಾವುದಕ್ಕೆ? ಮೂರರಲ್ಲಿ ಒಂದು ಇಲ್ಲದಿದ್ದರೂ ಫಾರ್ವರ್ಡ್ ಮಾಡಬೇಡಿ.