ಮುಪ್ಪು ಮತ್ತು ತುಕ್ಕು

ಕಳೆದ ಮಳೆಗಾಲ ಮುಗಿದ ಮೇಲೆ ಸುಳ್ಯದ ಕಡೆಗೆ ಹೋಗಿದ್ದಾಗ ಮರ್ಕಂಜದ ಒಂದು ಅಡಕೆ ತೋಟದ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಹಟ್ಟಿಯ ಪಕ್ಕದ ಮಾಡಿನ ಕೆಳಗೆ ಹಳೆಯದೊಂದು ಮೆಟಡಾರ್ ವ್ಯಾನು ನಿಂತಿತ್ತು. 1970ರ ದಶಕದ ಕೊನೆಯಲ್ಲಿ ಮನೆಯ ಹಿರಿಯರು ಸ್ವಂತ ಬಳಕೆಗೆಂದು ಕೊಂಡದ್ದು. ಮದುವೆಯ ದಿಬ್ಬಣ, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು, ಅಡಕೆಯ ಮೂಟೆ, ಎಲ್ಲವನ್ನೂ ಹೊತ್ತ ಬಂಡಿ. ಬಾಗಿಲ ಮೇಲೆ ಯಾರೋ ಕುಂಚದಿಂದ ಬರೆದ ತೋಟದ ಹೆಸರು ಅರ್ಧ ಮಾಸಿತ್ತು.

ಮನೆಯ ಮಗನಿಗೆ ಅದರ ಛಾವಣಿ ಕೊಯ್ದು ಎತ್ತರಿಸಿ, ಒಳಗೆ ಮಂಚ, ಒಲೆ ಜೋಡಿಸಿ, ಹೊಸ ಬಣ್ಣ ಹೊಡೆಸಿ ಊರೂರು ತಿರುಗುವ ಆಸೆ. ತಂದೆಗೆ ಒಂದು ಗೀರನ್ನೂ ಮುಟ್ಟಗೊಡುವ ಮನಸ್ಸಿಲ್ಲ. “ಗುರುಗಳೇ, ನೀವೇ ಹೇಳಿ” ಎಂದು ಇಬ್ಬರೂ ನಮ್ಮತ್ತ ತಿರುಗಿದರು. ವಾಹನದ ವಿದ್ಯೆ ನಮ್ಮದಲ್ಲ; ಆದರೂ ಸುಮ್ಮನಿರಲಾಗಲಿಲ್ಲ.

ಮಗನ ಆಸೆಗೆ ಒಂದು ವಂಶಾವಳಿಯೂ ಇದೆ. ಮೆಟಡಾರ್ ಎಂಬ ಹೆಸರು ಜರ್ಮನಿಯ ಟೆಂಪೋ ಕಾರ್ಖಾನೆಯದು. 1949ರಲ್ಲಿ ಅಲ್ಲಿ ಹೊರಬಂದ ಮೊದಲ ಮೆಟಡಾರಿಗೆ ಫೋಕ್ಸ್‌ವ್ಯಾಗನ್ ಎಂಜಿನ್ನೇ ಇತ್ತು. ಮರುವರ್ಷ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನನ್ನು ತಯಾರಿಸತೊಡಗಿತು. ಲೋಕವೆಲ್ಲ ಮನೆಯಾಗಿ ಮಾಡಿಕೊಂಡು ತಿರುಗಿದ್ದು ಅದನ್ನೇ. ನಮ್ಮ ದೇಶದ ಮೆಟಡಾರನ್ನು ಪುಣೆಯ ಬಜಾಜ್ ಟೆಂಪೋ ತಯಾರಿಸಿತು. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಆ ಜರ್ಮನ್ ವ್ಯಾನುಗಳ ಅಭಿಮಾನಿಗಳಲ್ಲಿಯೂ ಇದೇ ಜಗಳ: ಕಾರ್ಖಾನೆಯಿಂದ ಈಗ ತಾನೇ ಬಂದಂತೆ ಹೊಳೆಯಿಸಬೇಕೆನ್ನುವವರು ಕೆಲವರು, ಸವೆದ ಬಣ್ಣವೇ ಅದರ ಚರಿತ್ರೆಯೆನ್ನುವವರು ಕೆಲವರು. ಹೊಸ ತಗಡಿಗೆ ಬೇಕೆಂದೇ ತುಕ್ಕು ಬರಿಸಿ ಹಳತೆಂದು ತೋರಿಸುವವರೂ ಇದ್ದಾರಂತೆ! ಬಾರದ ಮುಪ್ಪನ್ನು ನಟಿಸುವ ಈ ಹುಚ್ಚಿಗೆ ಏನೆನ್ನೋಣ?

ನಮಗೆ ನೆನಪಾದದ್ದು ಪಲ್ಲಕ್ಕಿ. ನಾವು ಓದುತ್ತಿದ್ದ ಮಠದಲ್ಲಿ ಬಹು ಹಳೆಯದೊಂದು ಪಲ್ಲಕ್ಕಿಯಿತ್ತು. ಜಾತ್ರೆಗೆ ಮುನ್ನ ಅದನ್ನು ಚೆಂದಗೊಳಿಸುವ ಕೆಲಸ ನಾಲ್ವರು ವಿದ್ಯಾರ್ಥಿಗಳಿಗೆ ಬಂತು. ಅವರಲ್ಲಿ ನಾವೂ ಒಬ್ಬರು. ಉಪ್ಪುಕಾಗದದಿಂದ ಉಜ್ಜಿ, ದಂಡಿಗೆಯ ತಗ್ಗುಗಳಿಗೆ ಮೇಣ ತುಂಬಿ, ಮೇಲೆ ಕೆಂಪು ಬಣ್ಣ ಬಳಿದೆವು. ಅದನ್ನು ಹೊರುತ್ತಿದ್ದ ವೃದ್ಧರೊಬ್ಬರು ಬಂದು ದಂಡಿಗೆಯ ಮೇಲೆ ಕೈಯಾಡಿಸಿ, “ನಮ್ಮಪ್ಪನ ಹೆಗಲು ಎಲ್ಲಿ ಹೋಯಿತು?” ಎಂದರು. ಆ ತಗ್ಗುಗಳು ತಲೆಮಾರುಗಳ ಹೆಗಲಿನಿಂದ ಆದವು. ನಾಲ್ವರಲ್ಲಿ ಯಾರೂ ತಲೆಯೆತ್ತಲಿಲ್ಲ.

ಹಾಗೆಂದು ತಂದೆಯ ಪಕ್ಷವನ್ನು ಪೂರ್ತಿ ಹಿಡಿಯಲೂ ಆಗದು. ಬಿಸಿಲಿಗೆ ಬಣ್ಣ ಮಾಸುವುದು ಮುಪ್ಪು, ತುಕ್ಕು ರೋಗ. ಮರ್ಕಂಜದ ಮಳೆಯಲ್ಲಿ ಇವೆರಡನ್ನೂ ಒಂದೇ ಎಂದೆಣಿಸುವುದು ಅಪಾಯ. ನೆಲಹಾಸಿನ ಕೆಳಗೆ ನೀರು ನಿಲ್ಲುತ್ತದೆ, ನೀರಿಳಿಯುವ ತೂತುಗಳನ್ನು ತರಗೆಲೆ ಮುಚ್ಚುತ್ತದೆ, ಚಕ್ರದ ಮೇಲಂಚಿಗೆ ಮೆತ್ತಿದ ಕೆಸರು ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ತುಕ್ಕನ್ನು ಕೆರೆದು ತೆಗೆಯದೆ ಮೇಲೆ ಬಣ್ಣವನ್ನೋ ವಾರ್ನಿಷನ್ನೋ ಬಳಿದರೆ ಅದು ಒಳಗೊಳಗೇ ತಿನ್ನುತ್ತದೆ. ನೆಲಹಾಸನ್ನು ಎತ್ತಿಸಿ ನೋಡಿದೆವು. ಒಂದು ಕಡೆ ತಗಡು ಜರಡಿಯಾಗಿ, ಕೆಳಗಿನ ಮಣ್ಣು ಕಾಣುತ್ತಿತ್ತು. ತಂದೆ ಬಹಳ ಹೊತ್ತು ಮಾತಾಡಲಿಲ್ಲ.

ಮಗನಿಗೂ ಒಂದು ಮಾತು ಹೇಳುವುದಿತ್ತು. ಕೇಂದ್ರ ಸರಕಾರ 2021ರಲ್ಲಿ ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನ ‘ವಿಂಟೇಜ್’ ಎನಿಸಿಕೊಳ್ಳಬಹುದು. ಆದರೆ ಅದು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳನ್ನು ಮಾರ್ಪಡಿಸಿರಬಾರದು. ಇನ್ನು ಕೆಲವೇ ವರ್ಷದಲ್ಲಿ ದೊರೆಯಬಹುದಾದ ಆ ಮನ್ನಣೆ ಛಾವಣಿ ಕೊಯ್ದ ದಿನವೇ ಕೈತಪ್ಪೀತು. ಹಾಗೆ ಮನ್ನಣೆ ಪಡೆದ ಬಂಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವೆಂಬುದನ್ನೂ ತಿಳಿಸಿದೆವು, ಮುಖ ಸಪ್ಪಗಾಯಿತು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ಒಮ್ಮೆ ನೋಡಿ ಬಾರಪ್ಪ ಎಂದೆವು. ಗಾಂಧೀಜಿ ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಬಳಸಿದ ಸ್ಟುಡಿಬೇಕರ್ ಅಲ್ಲಿದೆ. ಅದರೆದುರು ನಿಂತವನಿಗೆ ಬೇಕಾದದ್ದು ಹೊಳಪೋ, ಅವರು ಕುಳಿತ ಆಸನವೋ?

ಊಟದ ಹೊತ್ತಿಗೆ ಒಂದು ಒಪ್ಪಂದವಾಯಿತು. ಕೊಳೆತ ನೆಲಕ್ಕೆ ಹೊಸ ತಗಡು, ಅಡಿಗೆಲ್ಲ ತುಕ್ಕು ತಡೆಯುವ ಬಣ್ಣ. ಹೊರಗಿನ ಬಣ್ಣಕ್ಕೆ ಒರೆಸುವುದಷ್ಟೇ. ಬಾಗಿಲ ಅಕ್ಷರ ಹಾಗೆಯೇ ಇರಲಿ. ಛಾವಣಿಯನ್ನು ಕೊಯ್ಯುವುದಿಲ್ಲ, ಮಲಗಲು ಬಿಚ್ಚಿ ತೆಗೆಯಬಹುದಾದ ಹಲಗೆ ಸಾಕು. ಸೀಟಿನ ಹೊದಿಕೆ ಮಾತ್ರ ಬದಲಾಗಲೇಬೇಕೆಂದು, ಇಲಿ ಮರಿಹಾಕಿದ ಜಾಗದಲ್ಲಿ ತಾವು ಕೂರುವುದಿಲ್ಲವೆಂದು ಮನೆಯ ತಾಯಿ ಪಟ್ಟು ಹಿಡಿದರು. ಆ ಮಾತಿಗೆ ನಾವು ಎದುರಾಡಲಿಲ್ಲ.